ಕಳಚುವ ಪಾದ: ‘ಸಿಂಡರ್’ ಕಾದಂಬರಿಯಲ್ಲಿ ಅಭಿಜ್ಞಾನದ ಪ್ರಶ್ನೆ

1

ಹಳೆಯ ಕಥೆಯೊಂದನ್ನು ಹೊಸ ಕಾಲದ ಲೇಖಕರು ಮತ್ತೆ ಹೇಳಿದಾಗ ವಿಮರ್ಶೆ ಸಾಮಾನ್ಯವಾಗಿ ಎರಡು ಪಟ್ಟಿಗಳನ್ನು ಸಿದ್ಧಪಡಿಸುತ್ತದೆ: ಮೂಲದಿಂದ ಉಳಿದು ಬಂದ ಆಶಯಗಳು ಒಂದು ಕಡೆ, ಬದಲಾದ ಆಶಯಗಳು ಇನ್ನೊಂದು ಕಡೆ. ಈ ಲೆಕ್ಕ ಅಗತ್ಯವಾದುದೇ. ಆದರೆ ಅದು ವಿಮರ್ಶೆಯ ಆರಂಭವೇ ಹೊರತು ವಿಮರ್ಶೆಯಲ್ಲ. ಪಂಪನು ವ್ಯಾಸಭಾರತದಿಂದ ಏನನ್ನು ಬಿಟ್ಟ, ಏನನ್ನು ಸೇರಿಸಿದ ಎಂದು ಎಣಿಸಿ ಮುಗಿಸಿದ ಮೇಲೂ ‘ವಿಕ್ರಮಾರ್ಜುನ ವಿಜಯ’ದ ಮುಂದೆ ನಿಲ್ಲುವ ಮುಖ್ಯ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ: ಈ ಕವಿ ಯಾವುದನ್ನು ಮನುಷ್ಯನ ಯೋಗ್ಯತೆಯ ಪ್ರಮಾಣವೆಂದು ಒಪ್ಪುತ್ತಾನೆ? ಮರುಕಥನವೊಂದರ ನಿಜವಾದ ಹೊಸತನವಿರುವುದು ಅದು ತೊಡುವ ವೇಷದಲ್ಲಿ ಅಲ್ಲ, ಅದು ಒಪ್ಪುವ ಪ್ರಮಾಣದಲ್ಲಿ.

ಈ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ನಾವು ಒಂದು ಇಂಗ್ಲಿಷ್ ಕಾದಂಬರಿಗೆ ಅನ್ವಯಿಸಲು ಯತ್ನಿಸಿದ್ದೇವೆ. ಅಮೆರಿಕದ ಲೇಖಕಿ ಮರಿಸ್ಸಾ ಮೇಯರ್ ಅವರ ‘ಸಿಂಡರ್’ 2012ರಲ್ಲಿ ಪ್ರಕಟವಾಯಿತು. ‘ಲೂನಾರ್ ಕ್ರಾನಿಕಲ್ಸ್’ ಎಂಬ ಮಾಲೆಯ ಮೊದಲ ಕಾದಂಬರಿ ಇದು. ‘ಸ್ಕಾರ್ಲೆಟ್’ (2013), ‘ಕ್ರೆಸ್’ (2014), ‘ವಿಂಟರ್’ (2015) ಇದನ್ನು ಅನುಸರಿಸಿ ಬಂದವು. ಪ್ರತಿನಾಯಕಿಯ ಪೂರ್ವಕಥೆಯಾದ ‘ಫೇರೆಸ್ಟ್’ ಕೂಡ 2015ರಲ್ಲಿಯೇ ಹೊರಬಂದಿತು. ಸಿಂಡರೆಲ್ಲಾ, ಕೆಂಪು ಟೊಪ್ಪಿಗೆಯ ಹುಡುಗಿ, ಗೋಪುರದ ರಪುಂಜಲ್, ಹಿಮಶ್ವೇತೆ ಈ ನಾಲ್ವರ ಕಥೆಗಳನ್ನು ಲೇಖಕಿ ಭವಿಷ್ಯತ್ಕಾಲಕ್ಕೆ ಒಯ್ದು ಒಂದೇ ರಾಜಕೀಯ ಕಥನದಲ್ಲಿ ಹೆಣೆದಿದ್ದಾರೆ. ಹದಿಹರೆಯದ ಓದುಗರಿಗಾಗಿ ಬರೆದ ಕೃತಿಗಳಿವು. ಈ ವರ್ಗದ ಬರವಣಿಗೆಯನ್ನು ನಮ್ಮ ವಿಶ್ವವಿದ್ಯಾಲಯಗಳ ಸಾಹಿತ್ಯ ವಿಭಾಗಗಳು ವಿರಳವಾಗಿ ಗಂಭೀರ ಅಧ್ಯಯನಕ್ಕೆ ಎತ್ತಿಕೊಳ್ಳುತ್ತವೆ. ಆದರೆ ಜಾನಪದದ ಆಶಯಗಳು ಇಂದು ಹೊಸ ಬದುಕನ್ನು ಪಡೆಯುತ್ತಿರುವ ನೆಲೆಗಳಲ್ಲಿ ಇದೂ ಒಂದು ಎಂಬುದನ್ನು ಕಥಾಸಂಶೋಧಕರು ಮರೆಯುವಂತಿಲ್ಲ.

2

ಸಿಂಡರೆಲ್ಲಾ ಕಥೆಯ ವ್ಯಾಪ್ತಿ ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಮರಿಯನ್ ರೋಲ್ಫ್ ಕಾಕ್ಸ್ ಅವರು 1893ರಲ್ಲಿಯೇ ಇದರ 345 ಪಾಠಗಳನ್ನು ಸಂಗ್ರಹಿಸಿ ವರ್ಗೀಕರಿಸಿದ್ದರು. ಆರ್ನೆ-ಥಾಂಪ್ಸನ್ ಸೂಚಿಯಲ್ಲಿ ಇದು 510ನೆಯ ವರ್ಗ. ಪಾದರಕ್ಷೆಯ ಪ್ರಸಂಗವುಳ್ಳ ಹಳೆಯ ಪಾಠಗಳಲ್ಲೊಂದು 9ನೆಯ ಶತಮಾನದ ಚೀನದ್ದು. ಟ್ಯಾಂಗ್ ವಂಶದ ಕಾಲದ ದುವಾನ್ ಚೆಂಗ್‌ಶಿ ತನ್ನ ಸಂಕಲನದಲ್ಲಿ ದಾಖಲಿಸಿದ ಯೆ ಶಿಯನ್ ಎಂಬ ಹುಡುಗಿಯ ಕಥೆ ಅದು. ಅಲ್ಲಿ ಮಾಂತ್ರಿಕ ಸಹಾಯ ದೊರೆಯುವುದು ಸತ್ತ ಮೀನಿನ ಮೂಳೆಗಳಿಂದ. ಕುರುಹಾಗಿ ಉಳಿಯುವುದು ಚಿನ್ನದ ಪಾದರಕ್ಷೆ. ಯುರೋಪಿನಲ್ಲಿ ಇಟಲಿಯ ಬಸೀಲೆಯ ಸಂಕಲನ (1634), ಫ್ರಾನ್ಸಿನ ಪೆರೊನ ಪಾಠ (1697), ಜರ್ಮನಿಯ ಗ್ರಿಮ್ ಸೋದರರ ಪಾಠ (1812) ಇವು ಮುಖ್ಯ ಘಟ್ಟಗಳು.

ಈ ಪಾಠಗಳ ನಡುವೆ ಭೇದಗಳು ಹಲವು. ಗಾಜಿನ ಪಾದರಕ್ಷೆ, ಕುಂಬಳಕಾಯಿಯ ರಥ, ಧರ್ಮಮಾತೆಯಾದ ಯಕ್ಷಿಣಿ ಇವು ಪೆರೊನ ಪಾಠದಲ್ಲಿವೆ, ಗ್ರಿಮ್ ಪಾಠದಲ್ಲಿಲ್ಲ. ಆದರೂ ಒಂದು ಅಂಶದಲ್ಲಿ ಈ ನಾಲ್ಕು ಪಾಠಗಳೂ ಏಕಮತವಾಗಿವೆ: ದೇಹ ಸುಳ್ಳು ಹೇಳುವುದಿಲ್ಲ. ವಸ್ತ್ರ ಬದಲಾಗಬಹುದು, ಮುಖಕ್ಕೆ ಬೂದಿ ಮೆತ್ತಿರಬಹುದು, ಮನೆಯವರು ಮರೆಮಾಚಬಹುದು. ಆದರೆ ಪಾದದ ಅಳತೆ ಒಬ್ಬಳದೇ. ಬಸೀಲೆಯ ಕಥೆಯಲ್ಲಂತೂ ಪಾದುಕೆ ಅಯಸ್ಕಾಂತಕ್ಕೆ ಸೆಳೆದ ಕಬ್ಬಿಣದಂತೆ ತಾನಾಗಿ ನಾಯಕಿಯ ಕಾಲಿಗೆ ಹಾರಿ ಹೋಗುತ್ತದೆ. ನಮ್ಮ ಕಾವ್ಯಪರಿಭಾಷೆಯಲ್ಲಿ ಇದು ಅಭಿಜ್ಞಾನ. ಪ್ರಾಪ್‌ನ 31 ಕಾರ್ಯಗಳ ಸರಣಿಯಲ್ಲಿ ಗುರುತಿಸುವಿಕೆ 27ನೆಯದು. ಕಪಟಿಯ ಬಯಲು, ರೂಪಾಂತರ, ದಂಡನೆ, ವಿವಾಹ ಎಲ್ಲವೂ ಅದನ್ನು ಅನುಸರಿಸಿ ಬರುವಂಥವು.

ಗ್ರಿಮ್ ಪಾಠದಲ್ಲಿ ಈ ನಂಬಿಕೆಯ ಕ್ರೂರ ಮುಖವೂ ಕಾಣುತ್ತದೆ. ಒಬ್ಬ ಮಲಸೋದರಿ ಪಾದರಕ್ಷೆಗೆ ಹೊಂದಿಕೊಳ್ಳಲು ಕಾಲ್ಬೆರಳನ್ನು ಕತ್ತರಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಹಿಮ್ಮಡಿಯನ್ನು. ಇಬ್ಬರ ವಂಚನೆಯನ್ನೂ ಪಾರಿವಾಳಗಳು ರಕ್ತವನ್ನು ತೋರಿಸಿ ಬಯಲಿಗೆಳೆಯುತ್ತವೆ. ಅಂದರೆ ಅಖಂಡವಾದ ಪಾದ ಸತ್ಯ, ಕತ್ತರಿಸಿದ ಪಾದ ಸುಳ್ಳು. ಇಲ್ಲಿ ಮ್ಯಾಕ್ಸ್ ಲ್ಯೂಥಿಯವರ ಮಾತೊಂದು ನೆನಪಿಗೆ ಬರುತ್ತದೆ. ಯುರೋಪಿನ ಜನಪದ ಕಥೆಯ ಶೈಲಿಯನ್ನು ಕುರಿತ 1947ರ ಗ್ರಂಥದಲ್ಲಿ ಅವರು ಕಥೆಯ ಪಾತ್ರಗಳಿಗೆ ಆಳವಿಲ್ಲ, ಅವು ಅಂಗಗಳನ್ನು ಕಳೆದುಕೊಂಡರೂ ನೋವು ಕಾಣಿಸುವುದಿಲ್ಲ ಎಂದು ವಿವರಿಸಿದ್ದಾರೆ. ಮಲಸೋದರಿಯರ ನೋವಿನ ಬಗೆಗೆ ಕಥೆಗೆ ಕುತೂಹಲವಿಲ್ಲ. ಅದಕ್ಕೆ ಬೇಕಾದುದು ರಕ್ತದ ಸಾಕ್ಷ್ಯ ಮಾತ್ರ.

3

‘ಸಿಂಡರ್’ ಕಾದಂಬರಿ ಸರಿಯಾಗಿ ಈ ಜಾಗದಲ್ಲಿ ಕೈಯಿಡುತ್ತದೆ. ಕಥೆ ನಡೆಯುವುದು ನಾಲ್ಕನೆಯ ಮಹಾಯುದ್ಧದ ನಂತರದ ಭೂಮಿಯಲ್ಲಿ. ಭೂಮಿ ಆರು ರಾಷ್ಟ್ರಗಳ ಒಕ್ಕೂಟವಾಗಿದೆ; ಅವುಗಳಲ್ಲೊಂದಾದ ಪೂರ್ವ ಒಕ್ಕೂಟದ ರಾಜಧಾನಿ ನವ ಬೀಜಿಂಗ್. ಲಿನ್ ಸಿಂಡರ್ ಹದಿನಾರರ ಹರೆಯದ ಯಂತ್ರದುರಸ್ತಿಗಾರ್ತಿ. ಬಾಲ್ಯದಲ್ಲಿ ಭೀಕರ ಸುಟ್ಟಗಾಯಗಳಿಗೆ ತುತ್ತಾಗಿ ಉಳಿದವಳು. ಹನ್ನೊಂದನೆಯ ವಯಸ್ಸಿಗೆ ಹಿಂದಿನ ನೆನಪು ಅವಳಿಗಿಲ್ಲ. ಒಂದು ಕೈ, ಒಂದು ಕಾಲು ಲೋಹದವು. ನರಮಂಡಲಕ್ಕೆ ತಂತಿಗಳನ್ನು ಜೋಡಿಸಲಾಗಿದೆ. ವೈದ್ಯಕೀಯ ಪರೀಕ್ಷೆಯೊಂದು ಅವಳ ದೇಹದ 36.28 ಪ್ರತಿಶತ ಮಾನುಷವಲ್ಲವೆಂದು ಲೆಕ್ಕ ಕೊಡುತ್ತದೆ. ಅವಳು ಸೈಬೋರ್ಗ್, ಎಂದರೆ ಜೀವ ಮತ್ತು ಯಂತ್ರಗಳ ಸಂಕರ.

ಕಾದಂಬರಿಯ ಮೊದಲ ಪ್ರಸಂಗವೇ ಪಾದದ್ದು. ಸಂತೆಯ ಅಂಗಡಿಯಲ್ಲಿ ಕುಳಿತ ಸಿಂಡರ್ ತನ್ನ ಲೋಹದ ಪಾದದ ತಿರುಪನ್ನು ಬಿಚ್ಚುತ್ತಿದ್ದಾಳೆ. ಅವಳು ಬೆಳೆದಿದ್ದಾಳೆ, ಪಾದ ಬೆಳೆದಿಲ್ಲ. ವರ್ಷಗಳ ಹಿಂದೆ ಜೋಡಿಸಿದ ಆ ಪಾದ ಈಗ ಚಿಕ್ಕದಾಗಿದೆ. ಅದನ್ನು ಕಳಚಿದ ಹೊತ್ತಿನಲ್ಲಿಯೇ ಯುವರಾಜ ಕಾಯ್ ಒಂದು ಯಂತ್ರಸೇವಕಿಯನ್ನು ದುರಸ್ತಿಗೆಂದು ತರುತ್ತಾನೆ. ನಾಯಕ-ನಾಯಿಕೆಯರ ಪ್ರಥಮ ದರ್ಶನ ನಾಯಿಕೆ ಪಾದವಿಲ್ಲದೆ, ಮೇಜಿನ ಮರೆಯಲ್ಲಿ ಇರುವಾಗ ನಡೆಯುತ್ತದೆ. ಹಳೆಯ ಕಥೆಯಲ್ಲಿ ಪಾದರಕ್ಷೆ ತಪ್ಪಿಹೋದ ಸುಂದರ ಪಾದವಿತ್ತು. ಇಲ್ಲಿ ತಪ್ಪಿಹೋಗಿರುವುದು ಪಾದವೇ. ಗ್ರಿಮ್ ಪಾಠದಲ್ಲಿ ಕಪಟಿಯರ ಲಕ್ಷಣವಾಗಿದ್ದ ಕತ್ತರಿಸಿದ ಕಾಲು ಈಗ ನಾಯಕಿಯದಾಗಿದೆ. ವಿಜ್ಞಾನಕಥೆಯ ಸಾಮಗ್ರಿಯನ್ನು ಲೇಖಕಿ ಅಲಂಕಾರಕ್ಕಾಗಿ ತಂದಿದ್ದಾರೆ ಎಂದು ಆಕ್ಷೇಪಿಸುವವರು ಈ ಒಂದು ವಿಪರ್ಯಾಸವನ್ನು ಗಮನಿಸಬೇಕು. ಕಥೆಯ ಪ್ರಮಾಣವ್ಯವಸ್ಥೆಯೇ ಇಲ್ಲಿ ಪ್ರಶ್ನೆಗೆ ಒಳಗಾಗಿದೆ. ಅಂಗಡಿಯಲ್ಲಿ ಕೊಳ್ಳಬಹುದಾದ, ತಿರುಪಿನಿಂದ ಬಿಗಿಯಬಹುದಾದ, ಯಾರಿಗಾದರೂ ಜೋಡಿಸಬಹುದಾದ ಪಾದ ಯಾರ ಗುರುತನ್ನು ಸಾಧಿಸೀತು?

ಅರಮನೆಯ ನೃತ್ಯೋತ್ಸವದ ಪ್ರಸಂಗ ಈ ಪ್ರಶ್ನೆಯನ್ನು ಅದರ ತುದಿಗೆ ಒಯ್ಯುತ್ತದೆ. ಕೊಂಡಿದ್ದ ಹೊಸ ಪಾದವನ್ನು ಮಲತಾಯಿ ಆದ್ರಿ ಕಸಿದುಕೊಂಡಿದ್ದಾಳೆ. ಸಿಂಡರ್ ಹಳೆಯ ಚಿಕ್ಕ ಪಾದವನ್ನೇ ಜೋಡಿಸಿಕೊಂಡು, ಕಸದ ರಾಶಿಯಲ್ಲಿ ಸಿಕ್ಕ ಕಿತ್ತಳೆ ಬಣ್ಣದ ಹಳೆಯ ಪೆಟ್ರೋಲ್ ಕಾರನ್ನು ತಾನೇ ದುರಸ್ತಿ ಮಾಡಿ ಅರಮನೆಗೆ ಹೋಗುತ್ತಾಳೆ. ಕುಂಬಳಕಾಯಿಯನ್ನು ರಥವಾಗಿಸಲು ಇಲ್ಲಿ ಯಕ್ಷಿಣಿ ಬೇಕಾಗಿಲ್ಲ; ಕೆಲಸ ಬಲ್ಲ ಕೈ ಸಾಕಾಗಿದೆ. ಅವಳು ಹೋಗುವುದು ವರಿಸುವುದಕ್ಕಲ್ಲ. ಚಂದ್ರಲೋಕದ ರಾಣಿ ಲೆವಾನಾಳ ಸಂಚಿನಿಂದ ಕಾಯ್‌ನನ್ನು ಎಚ್ಚರಿಸುವುದಕ್ಕೆ. ಓಡಿ ಬರುವಾಗ ಮೆಟ್ಟಿಲ ಮೇಲೆ ಬಿದ್ದು ಪಾದ ಕಳಚುತ್ತದೆ. ಸಾವಿರ ವರ್ಷಗಳ ಪರಂಪರೆಯಲ್ಲಿ ನಾಯಕನನ್ನು ನಾಯಕಿಯ ಬಳಿಗೆ ಕರೆತಂದ ಕುರುಹು ಇಲ್ಲಿ ಅವರನ್ನು ಅಗಲಿಸುತ್ತದೆ. ತಂತಿಗಳು ಜೋಲುವ ಕಾಲನ್ನು ಕಂಡ ಕಾಯ್‌ಗೆ ತಾನು ಯಾರನ್ನು ಮೆಚ್ಚಿದ್ದೆನೆಂಬುದೇ ತಿಳಿಯದಾಗುತ್ತದೆ. ಕಾಳಿದಾಸನ ನಾಟಕದಲ್ಲಿ ಉಂಗುರ ಕಳೆದುದರಿಂದ ವಿಸ್ಮೃತಿ, ಸಿಕ್ಕಿದುದರಿಂದ ಸ್ಮೃತಿ. ಇಲ್ಲಿ ಕುರುಹು ಕಣ್ಣೆದುರಿಗೆ ಬಿದ್ದಿದೆ. ಅದರಿಂದಲೇ ಅಭಿಜ್ಞಾನ ಮುರಿದಿದೆ. ನಮ್ಮ ದೃಷ್ಟಿಯಲ್ಲಿ ಈ ಕಾದಂಬರಿಯ ಅತ್ಯಂತ ಸಮರ್ಥವಾದ ಪ್ರಸಂಗ ಇದೇ.

4

ಮೂಲಕಥೆಯಲ್ಲಿ ಸಿಂಡರೆಲ್ಲಾಳ ದುಡಿಮೆ ಕುಟುಂಬದ ಒಳಗಿನ ಅನ್ಯಾಯ. ಮಲತಾಯಿ ಕೆಟ್ಟವಳಾದ್ದರಿಂದ ಅವಳು ಬೂದಿಯಲ್ಲಿ ಮಲಗಬೇಕಾಯಿತು. ಮಲತಾಯಿ ಒಳ್ಳೆಯವಳಾಗಿದ್ದರೆ ಕಥೆಯೇ ಇಲ್ಲ. ಮೇಯರ್ ಈ ಅನ್ಯಾಯವನ್ನು ಮನೆಯಿಂದ ಕಾನೂನಿಗೆ ಸ್ಥಳಾಂತರಿಸಿದ್ದಾರೆ. ನವ ಬೀಜಿಂಗ್‌ನಲ್ಲಿ ಸೈಬೋರ್ಗ್ ಸ್ವತಂತ್ರ ವ್ಯಕ್ತಿಯಲ್ಲ, ಪಾಲಕರ ಸ್ವತ್ತು. ಸಿಂಡರ್ ದುಡಿದ ಹಣ ಆದ್ರಿಗೆ ಸೇರುತ್ತದೆ. ಅವಳ ಕಾಲಿಗೆ ಬೇಕಾದ ಪಾದವೂ ಆದ್ರಿಯ ಇಚ್ಛೆಯನ್ನು ಅವಲಂಬಿಸಿದೆ. ನಾಡಿನಲ್ಲಿ ಲೆಟುಮೋಸಿಸ್ ಎಂಬ ಮಹಾಮಾರಿ ಹಬ್ಬಿದೆ; ಸಿಂಡರ್‌ಳನ್ನು ದತ್ತು ತಂದ ಗಾರನ್, ಅವಳನ್ನು ಅಕ್ಕರೆಯಿಂದ ಕಂಡ ಕಿರಿಯ ಮಲಸೋದರಿ ಪಿಯೊನಿ, ಕೊನೆಗೆ ಚಕ್ರವರ್ತಿಯೂ ಅದಕ್ಕೆ ಬಲಿಯಾಗುತ್ತಾರೆ. ಔಷಧದ ಪ್ರಯೋಗಕ್ಕೆ ಸೈಬೋರ್ಗ್‌ಗಳನ್ನು ಬಲವಂತವಾಗಿ ಎಳೆದೊಯ್ಯುವ ಶಾಸನವಿದೆ. ಪಿಯೊನಿಗೆ ರೋಗ ತಗಲಿದ ಸಿಟ್ಟಿನಲ್ಲಿ ಆದ್ರಿ ಸಿಂಡರ್‌ಳನ್ನು ಆ ಪ್ರಯೋಗಕ್ಕೆ ಒಪ್ಪಿಸುತ್ತಾಳೆ.

ವಿಜ್ಞಾನಕಥೆಯಿಂದ ಹಳೆಯ ಕಥೆಗೆ ದೊರೆತ ನಿಜವಾದ ಲಾಭ ಇದು. ಮಲತಾಯಿ ಇಲ್ಲಿ ಕೇವಲ ದುಷ್ಟಳಲ್ಲ. ದುಷ್ಟತನಕ್ಕೆ ಅವಕಾಶ ಕೊಟ್ಟ ವ್ಯವಸ್ಥೆಯೊಂದು ಅವಳ ಬೆನ್ನಿಗಿದೆ. ಗಂಡನನ್ನೂ ಮಗಳನ್ನೂ ಕಳೆದುಕೊಂಡ ಅವಳ ದುಃಖವನ್ನು ಕಾದಂಬರಿ ಅಲ್ಲಗಳೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಶಾಸನವನ್ನು ಹೊರಡಿಸಿದುದು ಚಂದ್ರಲೋಕದ ದುಷ್ಟ ರಾಣಿಯಲ್ಲ. ಕಾಯ್‌ನ ತಂದೆಯ, ಸಜ್ಜನಿಕೆಯ ರಾಜ್ಯವೇ. ಮುಂದಿನ ಸಂಪುಟಗಳಲ್ಲಿ ಚಂದ್ರಲೋಕದಲ್ಲಿಯೂ ಇಂಥದೇ ವ್ಯವಸ್ಥೆಯಿರುವುದು ಗೊತ್ತಾಗುತ್ತದೆ. ಮನಸ್ಸನ್ನು ವಶಪಡಿಸಿಕೊಳ್ಳುವ ಶಕ್ತಿಯಿಲ್ಲದೆ ಹುಟ್ಟಿದ ಮಕ್ಕಳನ್ನು ಅಲ್ಲಿ ತಾಯ್ತಂದೆಯರಿಂದ ಕಿತ್ತುಕೊಂಡು, ಅವರ ರಕ್ತದಿಂದ ಅದೇ ರೋಗದ ಮದ್ದನ್ನು ತಯಾರಿಸುತ್ತಾರೆ. ಭೂಮಿಯಲ್ಲಿ ಯಂತ್ರ ಬೆರೆತವರು, ಚಂದ್ರನಲ್ಲಿ ಶಕ್ತಿ ಇಲ್ಲದವರು. ಎರಡೂ ಕಡೆ ಕೆಲವರ ದೇಹ ಉಳಿದವರ ಆರೋಗ್ಯಕ್ಕೆ ಕಚ್ಚಾ ಸಾಮಗ್ರಿ. ಹದಿಹರೆಯದ ಓದುಗರ ಮುಂದೆ ಈ ಸಮಾನಾಂತರವನ್ನು ಉಪದೇಶದ ಧಾಟಿಯಿಲ್ಲದೆ ಇಟ್ಟಿರುವುದು ಸಣ್ಣ ಸಾಧನೆಯಲ್ಲ.

ನೋವಿನ ವಿಷಯದಲ್ಲಿಯೂ ಕಾದಂಬರಿ ಜನಪದ ಕಥೆಯ ಶೈಲಿಯನ್ನು ವಿವೇಕದಿಂದ ಮೀರಿದೆ. ಸಿಂಡರ್‌ಗೆ ಕಣ್ಣೀರು ಬರುವುದಿಲ್ಲ, ನಾಚಿದರೆ ಕೆನ್ನೆ ಕೆಂಪಾಗುವುದಿಲ್ಲ. ಆ ಸಾಧನಗಳು ಅವಳ ದೇಹದಲ್ಲಿ ಉಳಿದಿಲ್ಲ. ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಅವಳಲ್ಲಿ ಸ್ಥಾಯಿಭಾವವಿದೆ, ಸಾತ್ತ್ವಿಕಭಾವಗಳಿಲ್ಲ. ಅಶ್ರು, ವೈವರ್ಣ್ಯಗಳಿಲ್ಲದ ಶೋಕವನ್ನು ಸುತ್ತಲಿನವರು ನಂಬುವುದಿಲ್ಲ. ಪಿಯೊನಿಯ ಸಾವಿನ ಮುಂದೆ ಒಣಗಣ್ಣಿನಿಂದ ನಿಂತವಳನ್ನು ಕಂಡು ಯಂತ್ರಕ್ಕೆ ಹೃದಯವೆಲ್ಲಿ ಎನ್ನುವವರ ಜಗತ್ತು ಅದು. ಹೊರಗಿನ ಚಿಹ್ನೆಗಳನ್ನೇ ಒಳಗಿನ ಪ್ರಮಾಣವೆಂದು ಹಿಡಿಯುವುದು ಎಂಥ ಅನ್ಯಾಯವೆಂಬುದನ್ನು ಈ ಒಂದು ಕಲ್ಪನೆ ಮನಗಾಣಿಸುತ್ತದೆ.

5

ಇಲ್ಲಿಯವರೆಗೆ ಕಾದಂಬರಿ ಕೇಳಿದ ಪ್ರಶ್ನೆ ಸ್ಪಷ್ಟವಾಗಿದೆ: ದೇಹ ಪ್ರಮಾಣವಲ್ಲದಿದ್ದರೆ ವ್ಯಕ್ತಿಯ ಯೋಗ್ಯತೆಗೆ ಪ್ರಮಾಣ ಯಾವುದು? ಕೊಟ್ಟ ಉತ್ತರ ನಮ್ಮನ್ನು ನಿರಾಶೆಗೊಳಿಸುತ್ತದೆ. ಸೆರೆಮನೆಯಲ್ಲಿ ಬಿದ್ದ ಸಿಂಡರ್‌ಳ ಬಳಿಗೆ ಬರುವ ವೈದ್ಯ ಎರ್ಲೆಂಡ್ ಅವಳಿಗೆ ಹೊಸ ಕೈಕಾಲುಗಳನ್ನು ತಂದುಕೊಡುವುದರ ಜೊತೆಗೆ ಒಂದು ಸುದ್ದಿಯನ್ನೂ ಕೊಡುತ್ತಾನೆ. ಅವಳು ಅನಾಥಳಲ್ಲ, ಶೈಶವದಲ್ಲಿ ಬೆಂಕಿಗೆ ಬಲಿಯಾದಳೆಂದು ಲೋಕ ನಂಬಿದ ಚಂದ್ರಲೋಕದ ರಾಜಕುಮಾರಿ ಸೆಲೀನ್, ಸಿಂಹಾಸನದ ನಿಜವಾದ ವಾರಸುದಾರಳು. ಎಚ್ಚರದ ಓದುಗರು ಇದನ್ನು ಮೊದಲೇ ಊಹಿಸಿರುತ್ತಾರೆ. ನಮ್ಮ ಆಕ್ಷೇಪ ಊಹೆಯ ಸುಲಭತೆಯನ್ನು ಕುರಿತದ್ದಲ್ಲ, ಪ್ರಮಾಣದ ಪಲ್ಲಟವನ್ನು ಕುರಿತದ್ದು. ಪಾದವನ್ನು ಕಿತ್ತುಹಾಕಿದ ಕಾದಂಬರಿ ಅದರ ಜಾಗಕ್ಕೆ ರಕ್ತವನ್ನು ತಂದು ಕೂರಿಸಿದೆ. ಗ್ರಿಮ್ ಪಾಠದಲ್ಲಿ ಪಾದರಕ್ಷೆಯೊಳಗಿನ ರಕ್ತ ಕಪಟವನ್ನು ಬಯಲಿಗೆಳೆದಿತ್ತು. ಇಲ್ಲಿ ನರಗಳೊಳಗಿನ ರಕ್ತ ಸತ್ಯವನ್ನು ಸ್ಥಾಪಿಸುತ್ತದೆ. ರಕ್ತದ ಅಧಿಕಾರ ಮಾತ್ರ ಎರಡು ಕಡೆಯೂ ಅಬಾಧಿತ.

ಪೆರೊನ ಸಿಂಡರೆಲ್ಲಾಳೂ ಕುಲೀನನ ಮಗಳೇ, ಆದ್ದರಿಂದ ಈ ತಿರುವು ಪರಂಪರೆಗೆ ಹೊರತಲ್ಲ ಎಂದು ಯಾರಾದರೂ ವಾದಿಸಬಹುದು. ಮಾತು ನಿಜ. ಆ ಕಥೆ ಬಡವಳು ರಾಣಿಯಾದ ಕಥೆಯಲ್ಲ. ಸ್ಥಾನ ಕಳೆದುಕೊಂಡವಳು ಸ್ಥಾನ ಪಡೆದ ಕಥೆ. ಆದರೆ ಪೆರೊ ಕೇಳದ ಪ್ರಶ್ನೆಯೊಂದನ್ನು ಮೇಯರ್ ಕೇಳಿದ್ದಾರೆ. ಸೈಬೋರ್ಗ್‌ಗಳು ಸ್ವತ್ತೇ, ವ್ಯಕ್ತಿಗಳೇ ಎಂಬ ವ್ಯಾಜ್ಯವನ್ನು ಮುಂದಿಟ್ಟ ಮೇಲೆ ನಾಯಕಿಯೊಬ್ಬಳನ್ನು ರಾಜವಂಶದ ಬಾಗಿಲಿನಿಂದ ಆ ವ್ಯಾಜ್ಯದ ಹೊರಗೆ ದಾಟಿಸುವುದು ನ್ಯಾಯತೀರ್ಮಾನವಲ್ಲ, ವಿನಾಯಿತಿ. ಪ್ರಯೋಗಶಾಲೆಗೆ ಎಳೆದೊಯ್ದ ಉಳಿದ ಸೈಬೋರ್ಗ್‌ಗಳಲ್ಲಿ ಯಾರೂ ಕಳೆದುಹೋದ ರಾಜಕುಮಾರಿಯರಲ್ಲ.

‘ಸೈಬೋರ್ಗ್’ ಎಂಬ ಪದವನ್ನು 1960ರಲ್ಲಿ ಕ್ಲೈನ್ಸ್ ಮತ್ತು ಕ್ಲೈನ್ ಎಂಬ ಇಬ್ಬರು ವಿಜ್ಞಾನಿಗಳು ಬಾಹ್ಯಾಕಾಶಯಾನದ ಸಂದರ್ಭದಲ್ಲಿ ರೂಢಿಗೆ ತಂದರು. ಅದನ್ನು ಸ್ತ್ರೀವಾದಿ ಚಿಂತನೆಯ ಮಧ್ಯಕ್ಕೆ ತಂದವರು ಡೊನ್ನಾ ಹರಾವೇ, 1985ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ. ಅವರ ವಾದದ ತಿರುಳೇನೆಂದರೆ, ಸೈಬೋರ್ಗ್‌ಗೆ ಮೂಲದ ಪುರಾಣವಿಲ್ಲ. ಕಳೆದುಹೋದ ಸ್ವರ್ಗವಿಲ್ಲ, ಮರಳಬೇಕಾದ ಮನೆಯಿಲ್ಲ. ಅದರ ಬಿಡುಗಡೆಯ ಸಾಧ್ಯತೆ ಇರುವುದೇ ಆ ನಿರ್ಮೂಲತೆಯಲ್ಲಿ. ನೆನಪಿಲ್ಲದ, ವಂಶವಿಲ್ಲದ ಸಿಂಡರ್ ಮೊದಲ ಪುಟಗಳಲ್ಲಿ ಹೀಗೆಯೇ ಇದ್ದಾಳೆ. ಕೊನೆಯಲ್ಲಿ ಅವಳಿಗೆ ದೊರೆಯುವುದು ಬಹು ಹಳೆಯದಾದ ಮೂಲಪುರಾಣವೇ.

ವಿಷಾದದ ಸಂಗತಿಯೆಂದರೆ ಜನ್ಮಪ್ರಮಾಣವನ್ನು ಅಲ್ಲಗಳೆಯುವ ಸಾಕ್ಷ್ಯ ಮಾಲೆಯ ಒಳಗೇ ಇದೆ. ‘ಫೇರೆಸ್ಟ್’ನಲ್ಲಿ ಲೆವಾನಾಳ ಬಾಲ್ಯ ತಿಳಿಯುತ್ತದೆ: ಅವಳೂ ಸುಟ್ಟವಳು. ಅಕ್ಕನ ಕ್ರೌರ್ಯಕ್ಕೆ ಸಿಕ್ಕಿ ವಿರೂಪಗೊಂಡ ಮುಖವನ್ನು ಆಕೆ ಮಾಯಾರೂಪದಿಂದ ಮುಚ್ಚಿಕೊಂಡಿದ್ದಾಳೆ. ಆದ್ದರಿಂದಲೇ ಕನ್ನಡಿಯೆಂದರೆ ಅವಳಿಗೆ ಭಯ. ಸಿಂಡರ್ ಅದೇ ಲೆವಾನಾಳ ಸಂಚಿನಿಂದ ಸುಟ್ಟವಳು, ಕೈಗವಸಿನಿಂದ ಲೋಹವನ್ನು ಮುಚ್ಚಿಕೊಂಡವಳು. ಇಬ್ಬರದೂ ಒಂದೇ ರಾಜರಕ್ತ, ಇಬ್ಬರಿಗೂ ಒಂದೇ ಬಗೆಯ ಗಾಯ. ಒಬ್ಬಳು ಗಾಯವನ್ನು ಮರೆಸಲು ಲೋಕದ ಕಣ್ಣನ್ನೇ ವಶಪಡಿಸಿಕೊಂಡಳು. ಇನ್ನೊಬ್ಬಳು ಸಿಕ್ಕಿದ ಲೋಹದಿಂದ ಬದುಕು ಕಟ್ಟಿದಳು. ಹುಟ್ಟು ಇಬ್ಬರನ್ನೂ ಸಮನಾಗಿಸಿದೆ; ಬೇರೆಯಾಗಿಸಿದುದು ನಡತೆ. ಈ ಸೂಕ್ಷ್ಮವನ್ನು ಕಂಡ ಲೇಖಕಿಯೇ ಕಥಾನಿರ್ಣಯವನ್ನು ಹುಟ್ಟಿಗೆ ಬಿಟ್ಟುಕೊಟ್ಟಿದ್ದಾರೆ.

6

ಬೇರೊಂದು ಪ್ರಮಾಣ ಸಾಧ್ಯವಿತ್ತೇ? ಸಾಧ್ಯವಿತ್ತೆಂಬುದಕ್ಕೆ ಇದೇ ಕಥಾವರ್ಗದ ಕನ್ನಡ ಪಾಠವೊಂದು ಸಾಕ್ಷಿಯಾಗಿದೆ. ಎ. ಕೆ. ರಾಮಾನುಜನ್ ಅವರು ‘ಹಂಚಿ’ ಎಂಬ ಕನ್ನಡ ಸಿಂಡರೆಲ್ಲಾ ಕಥೆಯನ್ನು ಕುರಿತು ಬರೆದ ಲೇಖನ 1982ರಲ್ಲಿ ಅಲನ್ ಡಂಡಿಸ್ ಅವರ ಸಂಪಾದನೆಯ ಸಿಂಡರೆಲ್ಲಾ ಅಧ್ಯಯನ ಸಂಪುಟದಲ್ಲಿ ಪ್ರಕಟವಾಯಿತು. ಹೊನ್ನಕೂದಲಿನ ಹುಡುಗಿಯನ್ನು ಒಡಹುಟ್ಟಿದ ಅಣ್ಣನೇ ಮೋಹಿಸಿದಾಗ ತಾಯಿ ಅವಳಿಗೆ ಮಣ್ಣಿನ ಮುಖವಾಡವೊಂದನ್ನು ಕೊಟ್ಟು ಮನೆಯಿಂದ ಕಳುಹಿಸುತ್ತಾಳೆ. ಮುಖವಾಡದಿಂದ ಅವಳಿಗೆ ಹಂಚಿಯೆಂಬ ಹೆಸರು ಬರುತ್ತದೆ. ಸಾಹುಕಾರನ ಮನೆಯಲ್ಲಿ ಅಡಿಗೆಯ ಕೆಲಸಕ್ಕೆ ನಿಂತ ಅವಳನ್ನು ಆ ಮನೆಯ ಕಿರಿಯ ಮಗ ಮುಖವಾಡವಿಲ್ಲದಾಗ ಕಂಡು ಮದುವೆಯಾಗುತ್ತಾನೆ. ಯುರೋಪಿನ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಹಂಚಿಯ ಕಥೆ ಮುಗಿಯುವುದಿಲ್ಲ. ಮನೆಗೆ ಬಂದುಹೋಗುವ ಗುರುಸ್ವಾಮಿಯ ಕಾಮಕ್ಕೆ ಮಣಿಯದ ಅವಳ ಮೇಲೆ ಅಪವಾದ ಬರುತ್ತದೆ. ಅವಳು ಮನೆಯಿಂದ ಹೊರಬೀಳುತ್ತಾಳೆ. ಮುದುಕಿಯೊಬ್ಬಳ ಆಶ್ರಯದಲ್ಲಿ ಉಳಿದ ಅವಳನ್ನು ಗಂಡ ಮತ್ತೆ ಗುರುತಿಸುವುದು ಅವಳು ಮಾಡಿದ ಸಿಹಿ ಅಡಿಗೆಯ ರುಚಿಯಿಂದ.

ಈ ಕಥೆಯಲ್ಲಿ ಎರಡು ಗುರುತಿಸುವಿಕೆಗಳಿವೆ. ಮೊದಲನೆಯದು ರೂಪದಿಂದ, ಅದು ಒಂದು ಅಪವಾದದ ಮುಂದೆ ನಿಲ್ಲಲಿಲ್ಲ. ಎರಡನೆಯದು ಕೈಗುಣದಿಂದ, ಅದು ನಿಂತಿತು. ಸ್ತ್ರೀಕೇಂದ್ರಿತ ಕಥೆಗಳು ಮದುವೆಗೆ ನಿಲ್ಲದೆ ಮುಂದುವರಿಯುತ್ತವೆ, ಅಲ್ಲಿ ಕೂಡುವಿಕೆ, ಅಗಲಿಕೆ, ಮರುಕೂಡುವಿಕೆಗಳ ಕ್ರಮವಿದೆ ಎಂಬ ರಾಮಾನುಜನ್ ಅವರ ವಿವೇಚನೆ ಇಲ್ಲಿ ಸ್ಮರಣೀಯವಾದುದು. ಅದಕ್ಕೆ ನಾವು ಸೇರಿಸಬಯಸುವುದು ಇಷ್ಟೇ: ಮರುಕೂಡುವಿಕೆಯಲ್ಲಿ ಪ್ರಮಾಣವೂ ಬದಲಾಗಿದೆ. ಅಡಿಗೆಮನೆಯ ಚೌಕಟ್ಟನ್ನು ಹಂಚಿ ಮೀರುವುದಿಲ್ಲ ಎಂಬುದು ನಿಜ. ಆದರೆ ಅವಳು ಮಾಡಬಲ್ಲದ್ದೇ ಅವಳ ಗುರುತಾಗುತ್ತದೆ. ಅವಳು ಯಾರ ಮಗಳೆಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಇದೇ ಪ್ರಮಾಣ ‘ಸಿಂಡರ್’ ಕಾದಂಬರಿಯ ಕೈಯಲ್ಲಿಯೂ ಇತ್ತು. ಕಾಯ್ ಸಂತೆಯ ಅಂಗಡಿಗೆ ಬಂದುದು ಅವಳ ವಂಶವನ್ನು ಹುಡುಕಿಕೊಂಡಲ್ಲ. ನಗರದ ಅತ್ಯುತ್ತಮ ದುರಸ್ತಿಗಾರ್ತಿ ಎಂಬ ಖ್ಯಾತಿಯನ್ನು ಕೇಳಿ. ಅವನು ತಂದ ಯಂತ್ರಸೇವಕಿಯ ಒಳಗೆ ಅವನು ಗುಟ್ಟಾಗಿ ಹುಡುಕುತ್ತಿದ್ದ ರಾಜಕುಮಾರಿ ಸೆಲೀನ್‌ಳ ಸುಳಿವು ಅಡಗಿದೆ. ಅಂದರೆ ಸಿಂಡರ್ ಅರಿಯದೆ ದುರಸ್ತಿ ಮಾಡುತ್ತಿರುವುದು ತನ್ನದೇ ಜನ್ಮವೃತ್ತಾಂತವನ್ನು. ಹಂಚಿಯ ಕಥೆಯ ಹಾದಿಯಲ್ಲಿ ಹೋಗಿದ್ದರೆ ದುರಸ್ತಿ ಮಾಡಿದ ಕೈ ಮುಖ್ಯವಾಗುತ್ತಿತ್ತು. ಇಲ್ಲಿ ಒಳಗಿದ್ದ ವೃತ್ತಾಂತ ಮುಖ್ಯವಾಗಿ ಕೈ ಹಿಂದೆ ಸರಿಯಿತು.

ಜನ್ಮರಹಸ್ಯ ಬಯಲಾಗುವ ಕಥೆಗಳೆಲ್ಲ ಇದೇ ಪರಿಣಾಮಕ್ಕೆ ಬರಬೇಕೆಂದೇನೂ ಇಲ್ಲ. ಹಳಗನ್ನಡದ ಓದುಗರಿಗೆ ಪಂಪನ ಕರ್ಣ ನೆನಪಾಗುವುದು ಸಹಜ. ತಾನು ಸೂತಪುತ್ರನಲ್ಲ, ಕೌಂತೇಯನೆಂದು ತಿಳಿದ ಮೇಲೂ ಅವನು ತನ್ನ ಪಕ್ಷವನ್ನು ಬದಲಿಸುವುದಿಲ್ಲ. ಹುಟ್ಟು ಕೊಟ್ಟ ಸ್ಥಾನಕ್ಕಿಂತ ಸ್ನೇಹ ಕೊಟ್ಟ ಸ್ಥಾನವೇ ಅವನಿಗೆ ದೊಡ್ಡದಾಗಿ ಕಾಣುತ್ತದೆ. ರಹಸ್ಯ ಬಯಲಾಗುವುದು ಅಲ್ಲಿ ಬಹುಮಾನವಲ್ಲ, ಪರೀಕ್ಷೆ. ಈ ಎರಡು ಕೃತಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಜನ್ಮವೃತ್ತಾಂತವೆಂಬ ಒಂದೇ ಆಶಯವನ್ನು ಎರಡು ವಿರುದ್ಧ ಪ್ರಮಾಣಗಳಿಗೆ ಬಳಸಲು ಸಾಧ್ಯವೆಂಬುದನ್ನು ಸೂಚಿಸುವುದಷ್ಟೇ ಉದ್ದೇಶ.

7

ಲೇಖಕಿಗೆ ನ್ಯಾಯ ಸಲ್ಲಿಸಬೇಕಾದರೆ ಮಾಲೆಯ ಕೊನೆಯನ್ನೂ ಪರಿಗಣಿಸಬೇಕು. ‘ವಿಂಟರ್’ನಲ್ಲಿ ಲೆವಾನಾ ಅಳಿದ ಮೇಲೆ ಸಿಂಹಾಸನವನ್ನೇರಿದ ಸಿಂಡರ್ ಆ ಅರಸೊತ್ತಿಗೆಯನ್ನೇ ಕೊನೆಗಾಣಿಸಿ ಚಂದ್ರಲೋಕವನ್ನು ಪ್ರಜಾಪ್ರಭುತ್ವದತ್ತ ಒಯ್ಯುವ ನಿರ್ಧಾರಕ್ಕೆ ಬರುತ್ತಾಳೆ. ಹುಟ್ಟಿನಿಂದ ಬಂದ ಅಧಿಕಾರ ಎಷ್ಟು ಅಪಾಯಕಾರಿ ಎಂಬುದನ್ನು ಕೊನೆಗೆ ನಾಯಕಿಯೇ ಒಪ್ಪುತ್ತಾಳೆ. ವಿವಾಹವನ್ನು ಕಥೆಯ ಗುರಿಯಾಗಿಸದೆ ಮುಂದೂಡಿರುವುದೂ ಪ್ರಶಂಸನೀಯ. ನಾವು ಎತ್ತಿದ ಆಕ್ಷೇಪವನ್ನು ಈ ಮುಕ್ತಾಯ ಬಹುಮಟ್ಟಿಗೆ ಮೃದುಗೊಳಿಸುತ್ತದೆ, ಆದರೆ ಅಳಿಸುವುದಿಲ್ಲ. ತ್ಯಾಗ ಮಾಡಲು ಮೊದಲು ಕಿರೀಟ ಇರಬೇಕು. ಕಿರೀಟವಿಲ್ಲದ ಸಿಂಡರ್‌ಳ ಮಾತಿಗೆ ಎರಡು ಲೋಕಗಳೂ ಕಿವಿಗೊಡುತ್ತಿದ್ದವೇ ಎಂಬ ಪ್ರಶ್ನೆಯನ್ನು ಕಾದಂಬರಿಮಾಲೆ ಎದುರಿಸಿಲ್ಲ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಪಾದರಕ್ಷೆಯ ಕಥೆಯ ಹಳೆಯ ಲಿಖಿತ ಪಾಠಗಳಲ್ಲೊಂದು ಚೀನದ್ದಾಗಿರುವಾಗ ಬೀಜಿಂಗ್‌ನ ಆಯ್ಕೆ ಅತ್ಯಂತ ಉಚಿತವಾದುದು. ಆದರೆ ಆ ನಗರ ಕಾದಂಬರಿಯಲ್ಲಿ ಹೆಸರುಗಳಾಗಿ, ಸಂಬೋಧನೆಗಳಾಗಿ, ಸಂತೆಯ ಗದ್ದಲವಾಗಿ ಮಾತ್ರ ಇದೆ. ಇಡೀ ಏಷ್ಯವನ್ನು ಒಂದೇ ಒಕ್ಕೂಟವಾಗಿ ಕಲ್ಪಿಸಿದ ಲೇಖಕಿ ಅದರೊಳಗಿನ ಭಾಷೆಗಳು, ನೆನಪುಗಳು, ಕಥೆಗಳು ಏನಾದವು ಎಂದು ಕೇಳಿಲ್ಲ. ಯೆ ಶಿಯನ್‌ಳ ನೆಲದಲ್ಲಿ ನಿಂತು ಪೆರೊ ಮತ್ತು ಗ್ರಿಮ್‌ರ ಕಥೆಯನ್ನೇ ಹೇಳಿದಂತಾಗಿದೆ.

ಈ ಮಿತಿಗಳ ನಡುವೆಯೂ ‘ಸಿಂಡರ್’ ಅಧ್ಯಯನಯೋಗ್ಯವಾದ ಕೃತಿ. ಜನಪದ ಕಥೆಯ ಒಂದು ಮೂಲಭೂತ ನಂಬಿಕೆಯನ್ನು ಅದು ಹೆಸರಿಟ್ಟು ಪ್ರಶ್ನಿಸಿದೆ. ದೇಹದಲ್ಲಿ ಊನವುಳ್ಳವರು, ಕೃತಕ ಅಂಗಗಳೊಡನೆ ಬದುಕುವವರು, ದತ್ತು ಮಕ್ಕಳು ತಮ್ಮನ್ನು ಕಾಣಬಹುದಾದ ನಾಯಕಿಯೊಬ್ಬಳನ್ನು ಕೊಟ್ಟಿದೆ. ಅಂಥ ಓದುಗರಿಗೆ ಕೊನೆಯಲ್ಲಿ ‘ನೀನು ನಿಜವಾಗಿ ರಾಜಕುಮಾರಿ’ ಎಂದು ಹೇಳುವುದಕ್ಕಿಂತ ‘ನೀನು ರಾಜಕುಮಾರಿಯಾಗಬೇಕಾಗಿಲ್ಲ’ ಎಂದು ಹೇಳುವುದು ಹೆಚ್ಚು ಬೆಲೆಯ ಮಾತಾಗುತ್ತಿತ್ತು ಎಂಬುದಷ್ಟೇ ನಮ್ಮ ವಾದ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲೊಂದು ಕೆಲಸವೂ ಕಾದಿದೆ. ಹಂಚಿಯ ಕಥೆ ಜಗತ್ತಿನ ಕಥಾಸಂಶೋಧಕರಿಗೆ ಪರಿಚಯವಾದುದು ಶಿಕಾಗೋದಲ್ಲಿ ನೆಲೆಸಿದ್ದ ಕನ್ನಡ ಬಲ್ಲ ವಿದ್ವಾಂಸರೊಬ್ಬರ ಇಂಗ್ಲಿಷ್ ಲೇಖನದ ಮೂಲಕ. ಇತರ ಭಾಷೆಗಳ ನಡುವೆ ವಾಸಿಸುವವರಿಗೆ ತೌಲನಿಕ ದೃಷ್ಟಿ ನಿತ್ಯದ ಅಭ್ಯಾಸವೇ ಆಗಿರುತ್ತದೆ. ಮರಾಠಿ, ತಮಿಳು, ತೆಲುಗು, ಹಿಂದಿ ಭಾಷೆಗಳಲ್ಲಿನ ಇದೇ ವರ್ಗದ ಪಾಠಗಳನ್ನು ಪಾದರಕ್ಷೆ ಇದೆಯೇ ಇಲ್ಲವೇ ಎಂದು ಪರಿಶೀಲಿಸುವುದರೊಡನೆ, ಅವುಗಳಲ್ಲಿ ಹುಡುಗಿಯನ್ನು ಯಾವುದರಿಂದ ಗುರುತಿಸುತ್ತಾರೆ ಎಂದು ಪರಿಶೀಲಿಸಿದರೆ ಕಥಾವರ್ಗಗಳ ಸೂಚಿಗಳು ತೋರಿಸದ ಇನ್ನೊಂದು ನಕ್ಷೆ ನಮಗೆ ದೊರೆಯುತ್ತದೆ. ರೂಪ, ರಕ್ತ, ಕೈಗೆಲಸ ಇವುಗಳಲ್ಲಿ ಒಂದು ಸಮಾಜ ತನ್ನ ಹೆಣ್ಣುಮಕ್ಕಳ ಯೋಗ್ಯತೆಗೆ ಯಾವುದನ್ನು ಸಾಕ್ಷಿಯಾಗಿ ಕೇಳಿತು ಎಂಬುದು ಆ ನಕ್ಷೆಯಿಂದ ತಿಳಿಯುವಂಥದು.